ಟೀವಿ ಕಸಿದುಕೊಂಡ ಕತ್ತಲು

ಸೋದರಮಾವನ ಮನೆಗೆ ಹೊಸ ಟೀವಿ ಬಂದಿದೆ, 55 ಇಂಚಿನದು. ಭಾನುವಾರ ಊಟ ಮುಗಿಸಿ ಅದರ ಮುಂದೆ ಕೂತು ‘ಬಭ್ರುವಾಹನ’ ಹಾಕಿದೆವು. ಐದೇ ನಿಮಿಷಕ್ಕೆ ನನಗೆ ಕಸಿವಿಸಿ ಶುರುವಾಯಿತು. ರಾಜ್‌ಕುಮಾರ್ ಅರ್ಜುನನಾಗಿ ನಡೆದು ಬಂದರೆ ಅರಮನೆ ಕಾಣುತ್ತಿಲ್ಲ, ಬಣ್ಣ ಬಳಿದ ಸೆಟ್ಟು ಕಾಣುತ್ತಿದೆ, ಕಿರೀಟದ ಬೇಗಡೆ ಕಾಣುತ್ತಿದೆ. ಯಾವುದೋ ಧಾರಾವಾಹಿಯ ಶೂಟಿಂಗಿಗೆ ಹೋಗಿ ನಿಂತ ಹಾಗೆ. ಮಾವನಿಗೆ ಮಾತ್ರ ಖುಷಿಯೋ ಖುಷಿ. ‘ಎಷ್ಟು ನೈಸಾಗಿ ಓಡ್ತದೆ ನೋಡು!’

ಆ ನೈಸೇ ತಂಟೆ. ಸಿನಿಮಾ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ ತೆಗೆಯುವುದು 24 ಚಿತ್ರ. ಈ ಟೀವಿ ಎರಡು ಚಿತ್ರಗಳ ನಡುವೆ ತನ್ನದೇ ಚಿತ್ರಗಳನ್ನು ಹೆಣೆದು ತುರುಕುತ್ತದೆ. ಅಂದರೆ, ನನ್ನ ತಲೆ ಮಾಡಬೇಕಾದ ಕೆಲಸವನ್ನು ತಾನೇ ಮಾಡಿ ಮುಗಿಸುತ್ತದೆ.

ಹಳೆಯ ಟಾಕೀಸಿನ ಪ್ರೊಜೆಕ್ಟರ್ ಹಾಗಿರಲಿಲ್ಲ. ರೀಲು ಜರುಗುವಾಗ ಶಟರ್ ಅಡ್ಡ ಬರುತ್ತಿತ್ತು. ಪ್ರತಿ ಚಿತ್ರವೂ ಸಾಮಾನ್ಯವಾಗಿ ಎರಡು ಸಲ ಮಿನುಗುತ್ತಿತ್ತು, ಸೆಕೆಂಡಿಗೆ 48 ಮಿನುಗು. ಲೆಕ್ಕ ಹಾಕಿದರೆ ಮೂರು ಗಂಟೆಯ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಪರದೆ ಕತ್ತಲಲ್ಲೇ ಇರುತ್ತಿತ್ತು! ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಚಿತ್ರ ಅಕ್ಷಿಪಟಲದ ಮೇಲೆ ಕ್ಷಣಕಾಲ ಉಳಿಯುವುದರಿಂದ ಚಲನೆ ಕಾಣುತ್ತದೆ ಎಂದು ಶಾಲೆಯಲ್ಲಿ ಓದಿದ್ದನ್ನು ನಾನೂ ವರ್ಷಗಟ್ಟಲೆ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಬರೀ ಉಳಿಯುವುದೇ ಆಗಿದ್ದರೆ ಚಿತ್ರದ ಮೇಲೆ ಚಿತ್ರ ಬಿದ್ದು ಕಲಸುಮೇಲೋಗರ ಆಗಬೇಕಿತ್ತಲ್ಲ? ಎರಡು ಗೆರೆಗಳನ್ನು ತಕ್ಕ ಅಂತರದಲ್ಲಿ ಒಂದಾದ ಮೇಲೊಂದು ತೋರಿಸಿದರೆ ಜನರಿಗೆ ಒಂದೇ ಗೆರೆ ಸರಿದಂತೆ ಕಾಣುತ್ತದೆಂದು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟೈಮರ್ 1912ರಲ್ಲೇ ಬರೆದ. ಚಲನೆ ರೀಲಿನಲ್ಲೂ ಇಲ್ಲ, ಪರದೆಯಲ್ಲೂ ಇಲ್ಲ. ಮಿದುಳು ಅದನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೆಂದೇ ಮಿದುಳಿನ ಹಿಂಭಾಗದಲ್ಲೊಂದು ಜಾಗವಿದೆ. ಆ ಜಾಗಕ್ಕೆ ಹಾನಿಯಾದ ಜರ್ಮನಿಯ ಮಹಿಳೆಯೊಬ್ಬರ ವರದಿ 1983ರಲ್ಲಿ ಪ್ರಕಟವಾಯಿತು. ಆಕೆಗೆ ಚಹಾದ ಕಪ್ ಕಾಣುತ್ತಿತ್ತು, ಚಹಾದ ಬಣ್ಣವೂ ಕಾಣುತ್ತಿತ್ತು. ಆದರೆ ಬಗ್ಗಿಸಿದ ಚಹಾ ಗಾಳಿಯಲ್ಲೇ ಹೆಪ್ಪುಗಟ್ಟಿ ನಿಂತಂತೆ. ಕಪ್ ಯಾವಾಗ ತುಂಬಿತೋ ತಿಳಿಯುತ್ತಿರಲಿಲ್ಲ.

ಹಾಗಾಗಿಯೇ ಸಿನಿಮಾದ ಗ್ರಾಫಿಕ್ಸ್ ಎಂದರೆ ಕಣ್ಕಟ್ಟು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಅದು ಮಿದುಳಿನ ಜೊತೆಗಿನ ಕೊಡುಕೊಳ್ಳುವಿಕೆ. ಸಿನಿಮಾದಲ್ಲಿ ಬೊಂಬೆಗಳನ್ನು ಕುಣಿಸುತ್ತಿದ್ದ ರೇ ಹ್ಯಾರಿಹೌಸನ್ 1963ರಲ್ಲಿ ಕಾದಾಡಿಸಿದ ಅಸ್ಥಿಪಂಜರಗಳು ಅಷ್ಟು ಚೆಂದವಿದ್ದರೂ ತಟಪಟ ಅನ್ನುತ್ತವೆ. ಬೀಸಿದ ಕೈ ಫಿಲ್ಮಿನಲ್ಲಿ ಕೊಂಚ ಕದಡಿಕೊಂಡು ಬೀಳಬೇಕು. ಬೊಂಬೆಯನ್ನು ನಿಲ್ಲಿಸಿ ನಿಲ್ಲಿಸಿ ತೆಗೆದರೆ ಆ ಕದಡು ಎಲ್ಲಿಂದ ಬರಬೇಕು? 1993ರ ‘ಜುರಾಸಿಕ್ ಪಾರ್ಕ್’ನ ಕಂಪ್ಯೂಟರುಗಳು ಅದನ್ನು ಮುತುವರ್ಜಿಯಿಂದ ಬಳಿದವು. ಆದರೂ ನನ್ನ ಮಟ್ಟಿಗೆ ಆ ಚಿತ್ರದ ದೊಡ್ಡ ಎಫೆಕ್ಟು ಒಂದು ಲೋಟ ನೀರು. ಹೆಜ್ಜೆ ಹಾಕಿ ಬರುತ್ತಿರುವ ಡೈನೋಸಾರ್ ಇನ್ನೂ ಕಂಡೇ ಇಲ್ಲ, ನೀರಿನಲ್ಲಿ ಉಂಗುರ ಏಳುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಡಿ ಗಿಟಾರಿನ ತಂತಿ ಕಟ್ಟಿ ಮೀಟಿದ್ದು, ಅಷ್ಟೇ. ಪ್ರಾಣಿಯ ಟನ್ನುಗಟ್ಟಲೆ ತೂಕವನ್ನು ಅಷ್ಟರಲ್ಲಿ ನಾವೇ ಹೊತ್ತಾಗಿರುತ್ತದೆ.

ನಮ್ಮ ಸುದೀಪ್ 2012ರ ‘ಈಗ’ದಲ್ಲಿ ನೊಣದ ಜೊತೆ ಕಾದಾಡುತ್ತಾ ಮಾಡಿದ್ದೂ ಇದನ್ನೇ. ಶೂಟಿಂಗಿನಲ್ಲಿ ನೊಣವೇ ಇರಲಿಲ್ಲ. ಎದುರಿನವರು ಎತ್ತ ನೋಡಿದರೆ ಅತ್ತ ನೋಡುವುದು ನಮಗೆ ಮಗುವಾಗಿದ್ದಾಗಿನಿಂದ ಬಂದ ಚಾಳಿ. ಸುದೀಪ್ ಕಣ್ಣು ಹೋದಲ್ಲೆಲ್ಲ ನೊಣ ಹಾರಿತು.

ಅದೇ ವರ್ಷ ಪೀಟರ್ ಜಾಕ್ಸನ್ ‘ದಿ ಹಾಬಿಟ್’ ಅನ್ನು ಸೆಕೆಂಡಿಗೆ 48 ಚಿತ್ರದಂತೆ ತೋರಿಸಿದರು. ಸೆಟ್ಟು, ಮೇಕಪ್ಪು ಕಾಣುತ್ತಿದೆ ಎಂದು ಎಷ್ಟೋ ಜನ ಗೊಣಗಿದರು. ಮಾವನ ಟೀವಿಯದೇ ಕಾಯಿಲೆ. ಎಲ್ಲ ಅಭ್ಯಾಸಬಲ, ಮುಂದಿನ ತಲೆಮಾರಿಗೆ ಇದೇ ರೂಢಿ ಅನ್ನುವವರಿದ್ದಾರೆ. ಇರಲಿ, ಅವರ ಟಿಕೆಟ್ಟು ಅವರಿಗೆ.

ಮಾವ ಕಾಫಿಗೆಂದು ಎದ್ದಾಗ ನಾನು ಮೆನು ಕೆದಕಿ ಚಿತ್ರ ತುರುಕುವ ಆ ‘ಸ್ಮೂತ್’ ಅನ್ನು ಆಫ್ ಮಾಡಿದೆ. ಅರ್ಜುನ ಮಣಿಪುರಕ್ಕೆ ಮರಳಿದ. ಮಾವ ಲೋಟ ಹಿಡಿದು ಬಂದು ಎರಡು ನಿಮಿಷ ನೋಡಿದರು.

‘ಯಾಕೋ ಎಳೀತಾ ಇದೆಯಲ್ಲೋ, ನೆಟ್ ಸ್ಲೋ ಆಯ್ತೇನು?’