ಸಾರಥಿಯ ಬಾಯಲ್ಲಿ ಗಾದೆ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಯಲಾಟದಲ್ಲಿ ರಾಜರೂ ರಕ್ಕಸರೂ ಗ್ರಾಂಥಿಕ ಕನ್ನಡದಲ್ಲಿ ಅಬ್ಬರಿಸುತ್ತಾರೆ. ಅವರನ್ನು 'ತಾವ್ಯಾರು?' ಎಂದು ಕೇಳಿ ಮಾತಿಗೆಳೆಯುವ ಸಾರಥಿಯದು ಮಾತ್ರ ನಮ್ಮ ಮನೆಯಂಗಳದ ಭಾಷೆ. ಸಂಧಿಗೆ ಬಂದ ಕೃಷ್ಣನನ್ನು ಬರಿಗೈಲಿ ಕಳಿಸಿದ ಕೌರವನಿಗೆ ಅವನು, "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರೆ ಹೆಂಗೆ ದೊರೆಗಳೇ?" ಅಂದರೆ, ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ನಗು ಎರಡು ಪಟ್ಟು. ಕೌರವನ ಹಟವೆಲ್ಲ ಆ ಒಂದು ಮಾತಿನಲ್ಲಿದೆ. ತರಗತಿಯಲ್ಲಿ ನಾನೂ ಇಷ್ಟು ಚೆನ್ನಾಗಿ ಹೇಳಿಯೇನೇ?

ಆದರೆ ಅದೇ ಸಾರಥಿ ದ್ರೌಪದಿಯ ಎದುರು "ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಅನ್ನುವುದನ್ನೂ ಕೇಳಿದ್ದೇನೆ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿದೆ ಎಂದು ತುಂಬಿದ ಸಭೆಯಲ್ಲಿ ಕೇಳಿದವಳು ಅವಳು. ಭೀಷ್ಮನೇ ಉತ್ತರ ಕಾಣದೆ ತಡವರಿಸಿದ. ಅಂಥವಳಿಗೆ ಈ ಗಾದೆ ಹೊಂದುವುದೆಲ್ಲಿ? ಚಪ್ಪಾಳೆ ಬಿತ್ತು, ನಿಜ. ದ್ರೌಪದಿ ಮಾತ್ರ ಕಾಣಲಿಲ್ಲ. ಮೊಳಕಾಲ್ಮೂರಿನ ಆ ಆಟಕ್ಕೆ, ಹಗಲೆಲ್ಲ ರೇಷ್ಮೆ ಸೀರೆಗೆ ನೂಲು ಸುತ್ತಿದ್ದ ಹೆಂಗಸರೂ ಬಂದು ಮುಂದೆ ಕೂತಿದ್ದರು. ಅವರಲ್ಲೊಬ್ಬಾಕೆ ಗಟ್ಟಿಯಾಗಿಯೇ ಅಂದಳು: "ಉತ್ತರ ಕೊಡಮ್ಮ ತಾಯಿ, ಸುಮ್ನೆ ಯಾಕೆ ನಿಂತೆ?"

ಸ್ತ್ರೀವೇಷದ ಗಂಡಸು ಭಾಗವತರ ಮುಖ ನೋಡಿದ. ಅವರು ಮುಂದಿನ ಪದ ಎತ್ತಿಕೊಂಡರು.