ಅರ್ಧ ಕಾರು, ಅರ್ಧ ರೋಬೋಟು

ಟ್ರಾನ್ಸ್‌ಫಾರ್ಮರ್ಸ್ ಕಥೆಯ ಹಳದಿ ರೋಬೋಟು ಬಂಬಲ್‌ಬೀಗೆ ಇವತ್ತು ಇರುವ ಹೆಸರಿನಲ್ಲಿ ಮುಕ್ಕಾಲು ಪಾಲು ಸಿನಿಮಾ ಗಳಿಸಿಕೊಟ್ಟದ್ದು. 2007ರ ಚಿತ್ರದಲ್ಲಿ ಷೆವ್ರೊಲೆ ಕಮಾರೊ ಆಗಿ ಬಂದ, 2018ರ ಚಿತ್ರದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಆಗಿ ಮರಳಿದ. ಸ್ಕೂಲ್ ಬ್ಯಾಗು, ನೀರಿನ ಬಾಟಲಿಗಳ ಮೇಲೆಲ್ಲ ಅವನ ಮುಖ ಅಚ್ಚಾಯಿತು. ಇದೆಲ್ಲಕ್ಕೂ ಮೂಲವಾದ ಆಟಿಕೆ, 1984ರಲ್ಲಿ ಹ್ಯಾಸ್‌ಬ್ರೊ ಕಂಪನಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಆ ಪುಟ್ಟ ಕಾರು, ಅಂಗೈ ಮುಚ್ಚಿದರೆ ಕಾಣದಷ್ಟೇ ದೊಡ್ಡದು. ಸಂಗ್ರಾಹಕರಲ್ಲಿ ಅದಕ್ಕೆ ಬೆಲೆಯಿದೆ, ಮರ್ಯಾದೆ ಇಲ್ಲ. ವಿಮರ್ಶೆ ಮಾಡುವವರು ‘ಆ ಕಾಲಕ್ಕೆ ಪರವಾಗಿಲ್ಲ’ ಎಂದು ಅದರ ಬೆನ್ನು ತಟ್ಟಿ ಮುಂದೆ ಹೋಗುತ್ತಾರೆ. ಮೊಣಕೈ ಬಗ್ಗುವುದಿಲ್ಲ, ಕಾಲು ನಡೆಯುವುದಿಲ್ಲ, ಮುಖ ಕಾರ್ಟೂನಿನ ಮುಖದಂತಿಲ್ಲ: ಹೀಗೆ ಕೊರತೆಗಳ ಪಟ್ಟಿ. ಪಟ್ಟಿಯಲ್ಲಿರುವುದೆಲ್ಲ ನಿಜ. ಆದರೂ ರೂಪ ಬದಲಿಸುವ ರೋಬೋಟ್ ಎಂಬ ಈ ಜಾತಿಯಲ್ಲಿ ಇದಕ್ಕಿಂತ ಒಳ್ಳೆಯ ಕೃತಿ ಇನ್ನೂ ಬಂದಿಲ್ಲ ಎಂಬುದು ನನ್ನ ವಾದ. ಈಗ ಗಾಜಿನ ಕಪಾಟಿನಲ್ಲಿ ನಿಂತಿರುವ ದುಬಾರಿ ಗೊಂಬೆಗಳು ಇದರ ಮುಂದಿನ ಮೆಟ್ಟಿಲುಗಳಲ್ಲ, ಹಿಂದಿನವು.

ಇತಿಹಾಸ ಬಲ್ಲವರಿಗೆ ಹೊಸದೇನಲ್ಲ, ಒಂದೆರಡು ಮಾತು ಸಾಕು. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಸಾಲನ್ನೂ 1983ರಲ್ಲಿ ಮೈಕ್ರೋ ಚೇಂಜ್ ಎಂಬ ಇನ್ನೊಂದನ್ನೂ ತಂದಿತು. ಹ್ಯಾಸ್‌ಬ್ರೊ ಎರಡರ ಗೊಂಬೆಗಳನ್ನೂ ಪಡೆದು, ಒಂದೇ ಕಥೆಗೆ ಕಟ್ಟಿ, ಟ್ರಾನ್ಸ್‌ಫಾರ್ಮರ್ಸ್ ಎಂದು ಹೆಸರಿಟ್ಟಿತು. ನನ್ನ ವಾದಕ್ಕೆ ಬೇಕಾದದ್ದು ಈ ಎರಡು ಸಾಲುಗಳ ನಡುವೆ ಇದ್ದು, ಆಮೇಲೆ ಅಳಿಸಿಹೋದ ವ್ಯತ್ಯಾಸ. ಡಯಾಕ್ಲೋನ್ ಕಾರುಗಳು ನಿಜವಾದ ಕಾರಿನ ಅರವತ್ತನೇ ಒಂದು ಪಾಲು. ಒಳಗೆ ಕೂರಲು ಪುಟಾಣಿ ಚಾಲಕನೂ ಇದ್ದ. ಅಲ್ಲಿ ಗೊಂಬೆ ದೊಡ್ಡದೊಂದರ ನಕಲು. ಮೈಕ್ರೋ ಚೇಂಜ್‌ನ ಕಲ್ಪನೆ ಬೇರೆ: ಮನೆಯೊಳಗೆ ಸಿಗುವ ಸಾಮಾನು ಅದೇ ಅಳತೆಯಲ್ಲಿ ರೋಬೋಟಾಗುತ್ತದೆ. ಕ್ಯಾಸೆಟ್ ಕ್ಯಾಸೆಟ್ಟಿನಷ್ಟೇ, ಪಿಸ್ತೂಲು ಪಿಸ್ತೂಲಿನಷ್ಟೇ. ಹಾಗಾದರೆ ಮುಂದೆ ಬಂಬಲ್‌ಬೀ ಆದ, ಅದೇ ಸಾಲಿನ ಪುಟ್ಟ ಕಾರು? ಅದೂ ತನ್ನ ಅಳತೆಯಲ್ಲೇ ಇದೆ. ಅದು ಫೋಕ್ಸ್‌ವ್ಯಾಗನ್ ಕಾರಿನ ನಕಲಲ್ಲ, ಮಗುವಿನ ಕೈಯಲ್ಲಿರುವ ಆಟಿಕೆ ಕಾರೇ ರೋಬೋಟಾದದ್ದು. ಅದರ ಮೋಟು ಮೂತಿ, ಉಬ್ಬಿದ ಬೆನ್ನು, ಮೈಗೆ ಮೀರಿದ ಚಕ್ರ, ಯಾವುದೂ ಅಚ್ಚಿನ ಅರೆಕೊರೆಯಲ್ಲ. ಆಗ ಟಕಾರಾ ತಾನೇ ಮಾರುತ್ತಿದ್ದ ಚೋರೋ-ಕ್ಯೂ ಎಂಬ ಗಿಡ್ಡ ಕಾರುಗಳ ಲಕ್ಷಣ. ‘ಬೀಟಲ್‌ನ ಪ್ರಮಾಣ ತಪ್ಪಿದೆ’ ಎಂದು ಬರೆಯುವವರು ಯಾವುದಕ್ಕೆ ಹೋಲಿಸಬೇಕೋ ಅದಕ್ಕೆ ಹೋಲಿಸಿಲ್ಲ. ಆಟಿಕೆ ಇನ್ನೊಂದು ಆಟಿಕೆಯ ವೇಷ ಹಾಕಿದೆ, ಅಷ್ಟೇ. ಹ್ಯಾಸ್‌ಬ್ರೊ ಕಟ್ಟಿದ ಕಥೆಯಲ್ಲಿ ಈ ತಮಾಷೆ ಸತ್ತುಹೋಯಿತು. ಪಿಸ್ತೂಲು ಲಾರಿಯ ಎತ್ತರಕ್ಕೆ ನಿಂತು ಜಗಳವಾಡಬೇಕಾಯಿತು, ಪುಟ್ಟ ಕಾರು ‘ಚಿಕ್ಕ ತಮ್ಮ’ನಾಗಬೇಕಾಯಿತು.

ವೇಷ ಎಂದದ್ದು ಸುಮ್ಮನೆ ಅಲ್ಲ. ಯಾದಗಿರಿ, ಶಹಾಪುರ, ಸುರಪುರದ ಊರುಗಳಿಗೆ ಬರುವ ಹಗಲುವೇಷಗಾರರ ಅರ್ಧನಾರಿ ವೇಷವನ್ನು ನೋಡಿದವರಿಗೆ ರೂಪಾಂತರದ ಒಂದು ಅಳತೆಗೋಲು ಮೊದಲೇ ಸಿಕ್ಕಿರುತ್ತದೆ. ಒಂದೇ ಮೈ, ಒಂದು ಪಕ್ಕ ಮೀಸೆ, ಇನ್ನೊಂದು ಪಕ್ಕ ಮೂಗುತಿ. ಕೈಯಲ್ಲಿ ಹಿಡಿದ ಬಟ್ಟೆ ಒಂದು ಅರ್ಧವನ್ನು ಮುಚ್ಚಿದಾಗ ಗಂಡು, ಮೈ ತಿರುಗಿಸಿದರೆ ಹೆಣ್ಣು. ಮುಚ್ಚಿದ್ದು ಇದೆ ಎಂಬುದು ನೋಡುವವರೆಲ್ಲರಿಗೂ ಗೊತ್ತು, ಗೊತ್ತಿರುವುದರಿಂದಲೇ ರಂಜನೆ. ಬಟ್ಟೆಯ ಹಿಂದೆ ಇನ್ನೊಬ್ಬ ನಟ ನಿಂತಿದ್ದರೆ ಯಾರೂ ಕಾಳು ಕೊಡುತ್ತಿರಲಿಲ್ಲ. 1984ರ ಬಂಬಲ್‌ಬೀ ನಡೆಯುವುದು ಇದೇ ಧರ್ಮದಲ್ಲಿ. ಕಾರಿನ ಒಂದು ತುದಿ ಹಿಡಿದು ಎಳೆದರೆ ಕಾಲು ಉದ್ದವಾಗುತ್ತದೆ; ಎರಡೂ ಪಕ್ಕಗಳಿಂದ ಕೈ ಹೊರಬರುತ್ತದೆ; ಅಡಗಿದ್ದ ತಲೆ ಮಗುಚಿ ಮೇಲೇಳುತ್ತದೆ. ಅಷ್ಟರಲ್ಲಿ ಮುಗಿಯಿತು. ಬಿಚ್ಚಿ ಪಕ್ಕಕ್ಕಿಡುವ ತುಂಡಿಲ್ಲ, ಆಮೇಲೆ ಸಿಕ್ಕಿಸುವ ಬಂದೂಕಿಲ್ಲ. ಕಾರಿನ ಹಳದಿ ಕವಚ ರೋಬೋಟಿನ ಮೈಮೇಲೆ ಹಾಗೇ ಉಳಿದು, ಇದು ಈಗಷ್ಟೇ ಕಾರಾಗಿತ್ತು ಎಂದು ಸಾಕ್ಷಿ ಹೇಳುತ್ತಿರುತ್ತದೆ. ಅರ್ಧಕ್ಕೆ ನಿಲ್ಲಿಸಿ ನೋಡಿ: ಕಾಲು ಹೊರಗೆ, ತಲೆ ಇನ್ನೂ ಒಳಗೆ. ಆ ಸ್ಥಿತಿಯಲ್ಲೂ ಅದು ಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಏನಾಗುತ್ತಿದೆ ಎಂದು ಕಣ್ಣಿಗೆ ತಿಳಿಯುತ್ತದೆ. ರೂಪ ಬದಲಿಸುವ ಆಟಿಕೆಯ ಕಲೆಯೆಲ್ಲ ಇರುವುದು ಈ ನಡುಹೊತ್ತಿನಲ್ಲಿ. ವಿಮರ್ಶಕರು ಫೋಟೋ ತೆಗೆಯುವುದು ಮಾತ್ರ ಎರಡು ತುದಿಗಳದ್ದು.

ಇದೇ ಅಳತೆಗೋಲಿನಲ್ಲಿ ದೊಡ್ಡಣ್ಣನನ್ನೂ ಅಳೆಯಬೇಕು. ಆಪ್ಟಿಮಸ್ ಪ್ರೈಮ್, ಡಯಾಕ್ಲೋನ್ ಸಾಲಿನಲ್ಲಿ ಬ್ಯಾಟಲ್ ಕಾನ್ವಾಯ್ ಆಗಿದ್ದ ಲಾರಿ, ಈ ಜಾತಿಯ ಮಹಾಕಾವ್ಯ ಎಂಬ ಹೆಸರು ಪಡೆದಿದೆ. ಲಾರಿಯ ಮುಂಗಾಜು ಎದೆಯಾಗುವುದು ಒಳ್ಳೆಯ ಕಲ್ಪನೆ, ಒಪ್ಪೋಣ. ಆದರೆ ಮುಷ್ಟಿಗಳು ಬೇರೆ ತುಂಡು. ಲಾರಿಯಾಗಿರುವಾಗ ಬಿಚ್ಚಿಡಬೇಕು, ರೋಬೋಟಾದ ಮೇಲೆ ಸಿಕ್ಕಿಸಬೇಕು. ಲಾರಿಯ ಉದ್ದದ ಬಹುಪಾಲು ಆಗಿರುವ ಟ್ರೇಲರ್ ರೂಪಾಂತರದಲ್ಲಿ ಪಾಲ್ಗೊಳ್ಳುವುದೇ ಇಲ್ಲ. ಪಕ್ಕಕ್ಕೆ ನಿಂತು ಬಾಗಿಲು ತೆರೆದುಕೊಂಡು ಠಾಣೆಯಾಗುತ್ತದೆ. ಅಂದರೆ ನಾಯಕನ ದೇಹದ ದೊಡ್ಡ ಭಾಗ ವೇಷ ಬದಲಾಗುವಾಗ ರಂಗದಿಂದ ಹೊರಗೆ. ಗಾತ್ರ, ಕೆಂಪು-ನೀಲಿ ಬಣ್ಣ, ಕಾರ್ಟೂನಿನ ಗಂಭೀರ ದನಿ ಸೇರಿ ಇದನ್ನೆಲ್ಲ ಮರೆಸಿಬಿಟ್ಟಿವೆ. ಚಿಕ್ಕದಕ್ಕೆ ಇಂಥ ರಿಯಾಯಿತಿ ಸಿಗಲಿಲ್ಲ, ಬೇಕಾಗಿಯೂ ಇರಲಿಲ್ಲ.

ರೋಬೋಟಿನ ಮೈಮೇಲೆ ಉಳಿಯುವ ವಾಹನದ ಭಾಗಗಳನ್ನು ಸಂಗ್ರಾಹಕರು ಕಿಬಲ್ ಎನ್ನುತ್ತಾರೆ, ದೋಷವೆಂದೇ ಎಣಿಸುತ್ತಾರೆ. ಕಳೆದ ಎರಡು ದಶಕಗಳ ಹಾದಿ ತಪ್ಪಿದ್ದು ಇಲ್ಲೇ. ಟಕಾರಾ ಟೋಮಿ ದೊಡ್ಡವರಿಗೆಂದೇ ಮಾಡುವ ಮಾಸ್ಟರ್‌ಪೀಸ್ ಸಾಲಿನಲ್ಲಿ ಬಂಬಲ್‌ಬೀ 2014ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಬಂದ. ಎರಡನೆಯ ಸಲ ಕಾರ್ಟೂನಿಗೆ ಇನ್ನಷ್ಟು ಹತ್ತಿರ ಎಂಬುದೇ ಅವನ ಹೆಗ್ಗಳಿಕೆ. ಕಾರ್ಟೂನಿನ ನಯವಾದ ರೋಬೋಟನ್ನೇ ಮೊದಲು ಮಾಡಿಕೊಂಡರೆ ಕಾರಿನ ಕವಚ ಎಲ್ಲಿಗಾದರೂ ಹೋಗಬೇಕಲ್ಲ? ಅದು ಮಡಿಕೆ ಮಡಿಕೆಯಾಗಿ ಬೆನ್ನಿಗೇರುತ್ತದೆ. ಇನ್ನು ಕೆಲವು ದುಬಾರಿ ಗೊಂಬೆಗಳಲ್ಲಿ ಎದೆಯ ಮೇಲೆ ಕಾಣುವ ಗಾಜು ವಾಹನದ ಗಾಜೇ ಅಲ್ಲ. ಅದು ಹಿಂದೆಲ್ಲೋ ಅಡಗಿರುತ್ತದೆ, ಮುಂದೆ ಕಾಣುವುದು ಹಾಗೆ ತೋರಲೆಂದೇ ಮಾಡಿದ ಇನ್ನೊಂದು ತುಂಡು. ಬಟ್ಟೆಯ ಹಿಂದೆ ಇನ್ನೊಬ್ಬ ನಟ ಬಂದು ನಿಂತದ್ದು ಹೀಗೆ. 2021ರಲ್ಲಿ ಹ್ಯಾಸ್‌ಬ್ರೊ ಮಾರಾಟಕ್ಕೆ ತಂದ ಕೋರ್ ಕ್ಲಾಸ್ ಎಂಬ ಚಿಕ್ಕ ಗೊಂಬೆಗಳು, ಸುಮಾರು ಒಂಬತ್ತು ಸೆಂಟಿಮೀಟರ್ ಎತ್ತರದವು, ಗಾತ್ರದಲ್ಲಿ ಹಳೆಯ ಬಂಬಲ್‌ಬೀಯ ನೆಂಟರು. ಅವುಗಳ ಮೇಲೆ ನನಗೆ ಭರವಸೆ ಇರಬೇಕಿತ್ತು. ಅಲ್ಲಿಯೂ ಭುಜ, ಸೊಂಟದ ಕೀಲುಗಳಿಗೆ ಸಿಕ್ಕ ಗಮನ ಮಡಿಕೆಗೆ ಸಿಕ್ಕಿಲ್ಲ. ಕಪಾಟಿನಲ್ಲಿ ವೀರನಂತೆ ನಿಲ್ಲಿಸಲು ಅನುಕೂಲ, ಕೈಯಲ್ಲಿ ಕೂತು ಮಡಿಚಲು ಸಪ್ಪೆ. ಈ ಮೂಳೆ-ಕೀಲುಗಳ ಲೆಕ್ಕ ಬರೆಯುವವರ ಅಭಿರುಚಿಗೆ ಒಂದು ಉದಾಹರಣೆ ಸಾಕು. 1984ರಲ್ಲಿ ಬಂಬಲ್‌ಬೀಯ ಪ್ಯಾಕಿಂಗ್ ರಟ್ಟಿನ ಮೇಲೆ ಬೇರೆ ಅಚ್ಚಿನ, ಮಾಜ್ದಾ ಮಾದರಿಯ ಕಾರೊಂದು ಕಲಬೆರಕೆಯಾಗಿ ಮಾರಾಟವಾಯಿತು. ಸಂಗ್ರಾಹಕರು ಅದಕ್ಕೆ ಬಂಬಲ್‌ಜಂಪರ್ ಎಂದು ನಾಮಕರಣ ಮಾಡಿ ಹಂಬಲಿಸುತ್ತಾರೆ. ಪ್ಯಾಕಿಂಗ್ ಮಾಡಿದವರ ಎಡವಟ್ಟಿಗೆ ಇಷ್ಟು ಮನ್ನಣೆ ಕೊಡುವ ಅಭಿರುಚಿಯಿಂದ ಆಟಿಕೆಯ ತೂಕ ಕೇಳುವುದೇ ದಂಡ.

ಇತ್ತ ನಮ್ಮ ಸಂಸ್ಕೃತಿ ಚಿಂತಕರದು ಬೇರೆ ರಾಗ. ಪ್ಲಾಸ್ಟಿಕ್ ರೋಬೋಟು ಬಂದು ಚನ್ನಪಟ್ಟಣದ, ಕಿನ್ನಾಳದ ಗೊಂಬೆಗಳನ್ನು ನುಂಗಿತು ಎಂಬ ಲೇಖನಕ್ಕೆ ಪ್ರತಿ ದಸರೆಗೂ ಜಾಗ ಸಿಗುತ್ತದೆ. ಮರ ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು. ಇಲ್ಲಿಯದು ಒಳ್ಳೆಯದು, ಜಪಾನಿನದು ಪರಕೀಯ. ಗೊಂಬೆಯನ್ನು ಕೈಯಲ್ಲಿ ಹಿಡಿದು ನೋಡದೆ ಬರೆಯುವ ಮಾತಿದು. ಚನ್ನಪಟ್ಟಣದ ಕಸುಬಿಗೆ ಹೊಸ ದಾರಿ ತೋರಿಸಿದವರೆಂದು ಎಲ್ಲರೂ ನೆನೆಯುವ ಬಾವಾಸ್ ಮಿಯಾ ಜಪಾನಿನ ತಂತ್ರವನ್ನೇ ಅಲ್ಲಿಗೆ ತಂದರೆನ್ನುತ್ತಾರೆ. ಪರಕೀಯ ಎಂಬ ದೂರು ಅಲ್ಲಿಗೇ ಕುಂಟಿತು. ಕಿನ್ನಾಳದ ಗೊಂಬೆ ಬೇರೆಯೇ ಜಾತಿಯದು. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಕಿಟ್ಟ ಮೆತ್ತಿ, ಒಡವೆಗಳನ್ನು ಉಬ್ಬಿಸಿ, ಬಣ್ಣ ಹಚ್ಚುವ ಚಿತ್ರಗಾರರ ಕೆಲಸ ದೊಡ್ಡದು, ಆದರೆ ಅದು ಎಳೆದಾಡುವ ಗೊಂಬೆಯಲ್ಲ. ಗೌರಿ, ಗರುಡ, ಆನೆ ನಿಲ್ಲಬೇಕಾದದ್ದು ಜಗುಲಿಯ ಮೇಲೆ, ಕಪಾಟಿನಲ್ಲಿ. ಲಕ್ಷಣದಲ್ಲಿ ಅದಕ್ಕೆ ಹತ್ತಿರದ್ದು ಸಂಗ್ರಾಹಕರ ಮಾಸ್ಟರ್‌ಪೀಸ್ ರೋಬೋಟು, ಎರಡನ್ನೂ ಮುಟ್ಟಬಾರದು. ಮಗುವಿನ ಕೈಗೆ ಕೊಡುವ ಚನ್ನಪಟ್ಟಣದ ಗಿಲಕಿಗೆ ಹತ್ತಿರದ್ದು ಪುಟ್ಟ ಬಂಬಲ್‌ಬೀ. ಮರ-ಪ್ಲಾಸ್ಟಿಕ್ ಎಂದು ಗೆರೆ ಎಳೆದರೆ ಈ ನೆಂಟಸ್ತಿಕೆ ಕಾಣುವುದಿಲ್ಲ. ಸಾಲದ್ದಕ್ಕೆ ಕಿನ್ನಾಳ ಇರುವ ಕೊಪ್ಪಳ ಜಿಲ್ಲೆಯಲ್ಲೇ, ಭಾನಾಪುರದಲ್ಲಿ, 2021ರ ಜನವರಿಯಲ್ಲಿ 400 ಎಕರೆ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಪ್ಲಾಸ್ಟಿಕ್ಕನ್ನು ಬಯ್ಯುತ್ತಿದ್ದ ಎಷ್ಟೋ ಪೆನ್ನುಗಳು ಆಗ ಉದ್ಯೋಗದ ಲೆಕ್ಕ ಬರೆಯತೊಡಗಿದವು. ಉದ್ಯೋಗ ಬರಲಿ, ಬೇಡವೆಂದವರಾರು? ಅಲ್ಲಿಂದ ಎಂಥ ಆಟಿಕೆ ಬರಬೇಕು ಎಂಬ ಪ್ರಶ್ನೆಯನ್ನಾದರೂ ಎತ್ತಬಹುದಿತ್ತು.

ಮೈಲಾಪುರದ ಮಲ್ಲಯ್ಯನ ಜಾತ್ರೆಗೋ ಶಹಾಪುರದ ಚರಬಸವೇಶ್ವರ ಜಾತ್ರೆಗೋ ತಿಂಥಣಿ ಮೌನೇಶ್ವರನ ಜಾತ್ರೆಗೋ ಆಟಿಕೆ ಸಾಮಾನು ಹರಡುವ ಅಂಗಡಿಗಳಲ್ಲಿ ಆ ಪ್ರಶ್ನೆಗೆ ಉತ್ತರದ ಒಂದು ತುಣುಕಿದೆ. ಅಲ್ಲಿ ಎರಡು ಬಗೆ. ಒಂದು, ಬ್ಯಾಟರಿಯದು: ಗುಂಡಿ ಒತ್ತಿದರೆ ಕಾರು ಓಡುತ್ತ ಓಡುತ್ತ ತಾನೇ ಎದ್ದು ನಿಂತು, ದೀಪ ಮಿಣುಕಿಸಿ, ಹಾಡು ಹೇಳಿ, ಮತ್ತೆ ಮಲಗುತ್ತದೆ. ಮಗು ನೋಡುತ್ತ ಕೂರಬೇಕು. ಗಾಜಿನ ಕಪಾಟಿನ ದುಬಾರಿ ರೋಬೋಟಿನ ಮುಂದೆ ಸಂಗ್ರಾಹಕ ಮಾಡುವುದೂ ಅದನ್ನೇ. ಇನ್ನೊಂದು, ಬ್ಯಾಟರಿ ಇಲ್ಲದ, ಕೈಯಿಂದಲೇ ಮಡಿಚುವ ಪುಟ್ಟ ಕಾರು. ಹೆಸರಿಲ್ಲ, ಡಬ್ಬಿಯಿಲ್ಲ, ಮುಖದ ಬಣ್ಣ ಗೆರೆ ದಾಟಿರುತ್ತದೆ. ಕಾರಿನ ತುದಿ ಎಳೆದರೆ ಕಾಲು, ಪಕ್ಕಕ್ಕೆ ಸರಿಸಿದರೆ ಕೈ. 1983ರ ವ್ಯಾಕರಣವನ್ನು ಉಳಿಸಿಕೊಂಡು ಬಂದದ್ದು ಈ ಅನಾಮಧೇಯ ನಕಲು, ಮಾಸ್ಟರ್‌ಪೀಸ್ ಅಲ್ಲ.

ಜಾತ್ರೆಯ ಮಾಲನ್ನು ಹೊಗಳುವುದು ಬಡತನವನ್ನು ಹೊಗಳಿದಂತೆ ಎಂದು ಯಾರಾದರೂ ಎಂದಾರು. ಕೀಲಿನ ಕಡ್ಡಿ ತಿಂಗಳೊಳಗೆ ಸಡಿಲುತ್ತದೆ, ಅಂಚು ಕೈಗೆ ತರಚುತ್ತದೆ, ಬಣ್ಣದಲ್ಲಿ ಏನಿದೆಯೋ ದೇವರೇ ಬಲ್ಲ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯ ಮಾಡಿದ್ದು ಇಂಥವನ್ನು ತಡೆಯಲೆಂದೇ, ಅದು ಸರಿಯಾದ ಕ್ರಮವೇ. ನಾನು ಎತ್ತಿ ಹಿಡಿಯುತ್ತಿರುವುದು ಕಲ್ಪನೆಯನ್ನು, ಕಳಪೆ ಪ್ಲಾಸ್ಟಿಕ್ಕನ್ನಲ್ಲ. ಆದರೆ ಆ ಗುರುತು ಕಡ್ಡಾಯ ಮಾಡಿದ ಕೇಂದ್ರ ಸರ್ಕಾರವೇ 2020ರಲ್ಲಿ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ ಮೇಲೆ ಒಳ್ಳೆಯ ಪ್ಲಾಸ್ಟಿಕ್ಕಿನ ಅಸಲಿ ಚಿಕ್ಕ ರೋಬೋಟು ಮಗುವಿನ ಕೈಯಿಂದ ಇನ್ನೂ ದೂರ ಸರಿದು ಸಂಗ್ರಾಹಕರ ಪಾಲಾಗುವ ಹಾದಿ ಹಿಡಿಯಿತು. ಹಳೆಯದರ ಮೋಹವಷ್ಟೇ ಇದು ಎಂಬುದು ಎರಡನೆಯ ಆಕ್ಷೇಪ. ಮೋಹಕ್ಕೆ ನೆನಪು ಬೇಕು. 1984ರಲ್ಲಿ ಅಮೆರಿಕದ ಅಂಗಡಿಯಲ್ಲಿ ನೇತುಬಿದ್ದಿದ್ದ ರಟ್ಟಿನ ಬಗ್ಗೆ ಸುರಪುರದ ಯಾವ ಬಾಲ್ಯಕ್ಕೂ ನೆನಪಿಲ್ಲ. ಹಾಗೆ ನೆನಪಿಲ್ಲದ ಕಣ್ಣಿಗೇ ಅದು ಚೆನ್ನಾಗಿ ಕಾಣುತ್ತದೆ.

ಮೂರನೆಯ ಆಕ್ಷೇಪ ಮಾತ್ರ ಗಟ್ಟಿಯಾದದ್ದು: ಸರಳವಾದದ್ದೇ ಶ್ರೇಷ್ಠವಾದರೆ ಪಾಪಿ ಎಂಬ ಹೆಸರಿನ ಕಂಪನಿಯ ಮಷೀನ್ ರೋಬೋ ಏಕಲ್ಲ? ಅದು 1982ರದು, 600 ಯೆನ್ನಿನ ಪುಟ್ಟ ಗೊಂಬೆಗಳ ಸಾಲು, ಬಂಬಲ್‌ಬೀಗಿಂತ ಹಿರಿಯದು. ಟೋಂಕಾ ಕಂಪನಿ ಅದನ್ನು ಅಮೆರಿಕಕ್ಕೆ ಗೋಬಾಟ್ಸ್ ಎಂದು ತಂದಾಗ ಕಾರ್ಟೂನು ಪೇಲವವಾಗಿ, ಟ್ರಾನ್ಸ್‌ಫಾರ್ಮರ್ಸ್‌ನ ಅಗ್ಗದ ನಕಲು ಎಂಬ ಅಪಖ್ಯಾತಿ ಹೊತ್ತಿತು. 1991ರಲ್ಲಿ ಟೋಂಕಾವನ್ನೇ ಹ್ಯಾಸ್‌ಬ್ರೊ ಕೊಂಡುಕೊಂಡಿತು. ಮೊದಲು ಬಂದದ್ದನ್ನು ನಕಲು ಎಂದು ನಗುವ ಸಂಗ್ರಾಹಕರ ಜ್ಞಾನಕ್ಕೆ ಇನ್ನೇನು ಹೇಳುವುದು. ಮಡಿಕೆಯ ಮಿತವ್ಯಯದಲ್ಲಿ ಮಷೀನ್ ರೋಬೋ ಬಂಬಲ್‌ಬೀಗೆ ಸರಿಸಮ, ಕೆಲವೆಡೆ ಮೇಲೂ ಹೌದು. ಆದರೂ ಅವು ನಿಜವಾದ ಬೈಕು, ನಿಜವಾದ ವಿಮಾನದ ಚಿಕ್ಕ ನಕಲುಗಳಾಗಿಯೇ ಉಳಿದವು. ಆಟಿಕೆ ಕಾರು ತಾನು ಆಟಿಕೆ ಎಂದು ಒಪ್ಪಿಕೊಂಡೇ ಎದ್ದು ನಿಲ್ಲುವ ತುಂಟತನ ಅವಕ್ಕೆ ದಕ್ಕಲಿಲ್ಲ. ಆ ಒಂದು ಕೂದಲೆಳೆಯ ಅಂತರಕ್ಕೆ ನಾನು ಮೊದಲ ಸ್ಥಾನವನ್ನು ಹಳದಿ ಕಾರಿಗೆ ಕೊಡುತ್ತೇನೆ. ಎರಡನೆಯದು ಮಷೀನ್ ರೋಬೋಗೆ. ಮಾಸ್ಟರ್‌ಪೀಸ್‌ಗಳು ಬೇಕಿದ್ದರೆ ಮೂರನೆಯದಕ್ಕೆ ತಮ್ಮತಮ್ಮಲ್ಲೇ ಜಗಳವಾಡಿಕೊಳ್ಳಲಿ.