ಜಿಂಜರ್ಲಿಯಲ್ಲಿ ಶುಂಠಿಯಿಲ್ಲ

ಪಾಚಿಗಟ್ಟಿದ ಅಂಗಳದಲ್ಲಿ ಅಳುಕುತ್ತ ಕಾಲೂರುವ ಬಗೆಗೆ ಇಂಗ್ಲಿಷಿನಲ್ಲಿ ‘ಜಿಂಜರ್ಲಿ’ ಎಂಬ ಪದವಿದೆ. ಕೇಳಿದವರಿಗೆ ಥಟ್ಟನೆ ನೆನಪಾಗುವುದು ಶುಂಠಿ. ಅದು ಖಾರದ ಪದಾರ್ಥ, ಹುಷಾರಾಗಿ ಮುಟ್ಟಬೇಕು, ಅದಕ್ಕೇ ಈ ಹೆಸರು ಎಂದು ಸಮಜಾಯಿಷಿಯನ್ನೂ ಕೊಡುತ್ತಾರೆ. ಪದಮೂಲದ ವ್ಯವಹಾರದಲ್ಲಿ ಇಷ್ಟು ಸಲೀಸಾದ ವಿವರಣೆ ಸಿಕ್ಕರೆ ನನಗೆ ಮೊದಲು ಅನುಮಾನವೇ ಬರುವುದು.

16ನೇ ಶತಮಾನದ ಮೊದಲ ಭಾಗದಲ್ಲಿ ಈ ಪದ ಕಾಣಿಸಿಕೊಂಡಾಗ ಅದರಲ್ಲಿ ಭಯದ ಸುಳಿವೇ ಇರಲಿಲ್ಲ. ಕುಣಿಯುವಾಗ, ನಡೆಯುವಾಗ ಹೆಜ್ಜೆಯನ್ನು ನಾಜೂಕಾಗಿ, ಒಯ್ಯಾರದಿಂದ ಇಡುವುದು ಎಂದಷ್ಟೇ ಅರ್ಥ. ಹಳೆಯ ಫ್ರೆಂಚಿನಲ್ಲಿ ಕುಲೀನ, ಸೊಗಸಾದ ಎಂಬರ್ಥದ ‘ಜೆಂಟ್’ ಪದದ ಬಳಗದಿಂದ ಇದು ಬಂದಿರಬೇಕೆಂದು ನಿಘಂಟುಕಾರರ ಊಹೆ. ಅದರ ಹಿಂದಿರುವುದು ‘ಹುಟ್ಟಿದ’ ಎನ್ನುವ ಲ್ಯಾಟಿನ್ ಪದ. ನಮ್ಮ ಜನ್ಮ, ಸುಜಾತಗಳು ಆ ಲ್ಯಾಟಿನ್ ಪದಕ್ಕೆ ದೂರದ ದಾಯಾದಿಗಳು.

ಒಯ್ಯಾರ ಎಚ್ಚರಿಕೆಯಾದದ್ದು ಹೇಗೆ? 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ದಿ ಟೂ ಜಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿ ಸಖಿ ಲುಸೆಟ್ಟಾ ನೆಲಕ್ಕೆ ಬಿದ್ದ ಪ್ರೇಮಪತ್ರವನ್ನು ಎತ್ತಿಕೊಳ್ಳುತ್ತಾಳೆ. ಅದೇನದು ಅಷ್ಟು ನಾಜೂಕಾಗಿ ಎತ್ತಿಕೊಂಡೆ ಎಂದು ಒಡತಿ ಜೂಲಿಯಾ ಕೇಳುವಲ್ಲಿ ಇದೇ ಪದ ಬರುತ್ತದೆ. ಆ ಬೆರಳುಗಳಲ್ಲಿ ಬೆಡಗೆಷ್ಟು, ಜಾಗ್ರತೆಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಪದ ಹೊರಳಿದ್ದು ಇಂಥ ಸಂದುಗಳಲ್ಲೇ ಇರಬೇಕು.

ಶುಂಠಿಯ ‘ಜಿಂಜರ್’ ಬೇರೆಯೇ ದಾರಿಯಲ್ಲಿ ಬಂದದ್ದು. ಲ್ಯಾಟಿನ್, ಗ್ರೀಕ್‌ಗಳ ಮೂಲಕ ಹಿಂದೆ ಹೋದರೆ ಪಾಳಿಯ ‘ಸಿಂಗಿವೇರ’, ಸಂಸ್ಕೃತದ ‘ಶೃಂಗವೇರ’ ಸಿಗುತ್ತವೆ. ಕೊಂಬಿನಾಕಾರ ಎಂದು ಪಂಡಿತರು ಅರ್ಥ ಹೇಳಿದರೂ ಮೂಲ ದ್ರಾವಿಡದ್ದೇ ಎಂದು ಭಾಷಾಶಾಸ್ತ್ರಜ್ಞರ ಮತ. ತಮಿಳು, ಮಲಯಾಳಗಳ ‘ಇಂಜಿ’ಗೆ ‘ವೇರ್’ ಸೇರಿದೆ. ಆ ವೇರ್ ನಮ್ಮ ‘ಬೇರು’. ನಾವು ಮಾತ್ರ ‘ಇಂಜಿ’ಯನ್ನು ಬಿಟ್ಟು ಶುಂಠಿ ಎಂದೆವು, ಉತ್ತರ ಕರ್ನಾಟಕದವರು ‘ಅಲ್ಲ’ ಎಂದರು.

ಇಂಗ್ಲಿಷರ ಶುಂಠಿಗೂ ಎಚ್ಚರಿಕೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕುದುರೆ ಚುರುಕಾಗಿ ಕಾಣಲಿ, ಬಾಲ ಎತ್ತಿ ನಡೆಯಲಿ ಎಂದು ಅದರ ಹಿಂಬದಿಗೆ ಶುಂಠಿ ತುರುಕುವ ಪದ್ಧತಿಯನ್ನು ಫ್ರಾನ್ಸಿಸ್ ಗ್ರೋಸ್ 1785ರ ತನ್ನ ಬೀದಿಮಾತಿನ ನಿಘಂಟಿನಲ್ಲಿ ದಾಖಲಿಸಿದ್ದಾನೆ. ‘ಜಿಂಜರ್ ಅಪ್’ ಎಂದರೆ ಇವತ್ತಿಗೂ ಹುರುಪೇರಿಸುವುದು.